ಕಾಲೇಜು ಇ-ಮೇಲ್ ಕೈಕೊಟ್ಟಾಗ ಮಾಡಬೇಕಾದುದೇನು?

ಪರೀಕ್ಷಾ ಶುಲ್ಕದ ಸೂಚನೆ, ಆನ್‌ಲೈನ್ ತರಗತಿಯ ಕೊಂಡಿ, ಕ್ಯಾಂಪಸ್ ಸಂದರ್ಶನದ ಕರೆ ಮುಂತಾದವು ಇಂದು ಬಹುಪಾಲು ಕಾಲೇಜು ನೀಡಿದ ಇ-ಮೇಲ್ ವಿಳಾಸಕ್ಕೇ ಬರುತ್ತವೆ. ಸೂಚನಾ ಫಲಕದ ಮುಂದೆ ಗುಂಪುಗೂಡುವ ಕಾಲ ಹಿಂದೆ ಸರಿದಿದೆ. ಹೀಗಿರುವಾಗ ಎರಡು ದಿನ ಖಾತೆ ತೆರೆಯದಿದ್ದರೆ ಒಂದು ಉದ್ಯೋಗಾವಕಾಶವೇ ಕೈತಪ್ಪಬಹುದು.

ಈ ಖಾತೆ ವಿದ್ಯಾರ್ಥಿಯ ಸ್ವಂತದ್ದಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಸೇವೆ ಒದಗಿಸುವುದು ಗೂಗಲ್ ಅಥವಾ ಮೈಕ್ರೋಸಾಫ್ಟ್ ಆದರೂ ಒಡೆತನ ಕಾಲೇಜಿನದು. 'ಎಸಿ ಡಾಟ್ ಇನ್', 'ಇಡಿಯು ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸಗಳನ್ನು ಕಾಲೇಜು ಎರ್ನೆಟ್ ಇಂಡಿಯಾ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡಿರುತ್ತದೆ. ಆದ್ದರಿಂದ ಸ್ವಂತ ಜಿಮೇಲ್‌ಗೆ ಅನ್ವಯಿಸುವ ಎಷ್ಟೋ ಪರಿಹಾರಗಳು ಇಲ್ಲಿ ಫಲಿಸುವುದಿಲ್ಲ. ಪಾಸ್‌ವರ್ಡ್ ಮರೆತವರು 'ಫರ್‌ಗಾಟ್ ಪಾಸ್‌ವರ್ಡ್' ಒತ್ತಿದರೆ, ಆಡಳಿತಗಾರರನ್ನು ಸಂಪರ್ಕಿಸಿ ಎಂಬ ಉತ್ತರ ಬರುವುದೇ ಹೆಚ್ಚು. ಗೂಗಲ್‌ಗೆ ದೂರು ಬರೆದು ಪ್ರಯೋಜನವಿಲ್ಲ. ಗುರುತಿನ ಚೀಟಿಯೊಂದಿಗೆ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಹೋದರೆ ಅಲ್ಲಿನ ಆಡಳಿತಗಾರರು ಕೆಲವೇ ನಿಮಿಷಗಳಲ್ಲಿ ಹೊಸ ಪಾಸ್‌ವರ್ಡ್ ನೀಡಬಲ್ಲರು.

ಎರಡು ಹಂತದ ದೃಢೀಕರಣ ಅಳವಡಿಸಿಕೊಂಡು ಮೊಬೈಲ್ ಕಳೆದುಕೊಂಡವರಿಗೂ ಇದೇ ದಾರಿ. ಮೊದಲೇ 'ಬ್ಯಾಕಪ್ ಕೋಡ್'ಗಳನ್ನು ಮುದ್ರಿಸಿಟ್ಟುಕೊಂಡಿದ್ದರೆ ಅಲೆದಾಟ ತಪ್ಪುತ್ತದೆ. ಮೊಬೈಲ್ ಕೈಯಲ್ಲಿದ್ದೂ ಆಪ್ ತೋರಿಸುವ ಕೋಡ್ ತಿರಸ್ಕೃತವಾಗುತ್ತಿದ್ದರೆ ಫೋನಿನ ಗಡಿಯಾರವನ್ನು ನೋಡಬೇಕು. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ ಈ ಕೋಡ್ ಸಮಯವನ್ನೇ ಆಧರಿಸಿದೆ. ದಿನಾಂಕ, ಸಮಯವನ್ನು 'ಆಟೋಮ್ಯಾಟಿಕ್' ಮಾಡಿದರೆ ಸಾಕು.

ಒಂದೇ ಬ್ರೌಸರ್, ಎರಡು ಖಾತೆ

'ನಿಮಗೆ ಅನುಮತಿ ಇಲ್ಲ' ಎಂಬ ಸಂದೇಶ ಕಂಡು ಖಾತೆಯೇ ಕೆಟ್ಟಿತೆಂದು ಗಾಬರಿಯಾಗುವವರು ಬಹಳ. ಆದರೆ ಬಹುತೇಕ ಸಂದರ್ಭಗಳಲ್ಲಿ ಖಾತೆ ಸರಿಯಾಗಿಯೇ ಇರುತ್ತದೆ. ಸ್ವಂತ ಜಿಮೇಲ್ ಮತ್ತು ಕಾಲೇಜು ಮೇಲ್ ಎರಡೂ ಒಂದೇ ಬ್ರೌಸರಿನಲ್ಲಿ ತೆರೆದಿದ್ದರೆ, ಉಪನ್ಯಾಸಕರು ಕಳುಹಿಸಿದ ಫಾರ್ಮ್ ಮೊದಲು ಲಾಗಿನ್ ಆದ ಖಾತೆಯಲ್ಲಿ, ಅಂದರೆ ಹೆಚ್ಚಾಗಿ ಸ್ವಂತ ಜಿಮೇಲ್‌ನಲ್ಲಿ ತೆರೆದುಕೊಳ್ಳುತ್ತದೆ. ಕಾಲೇಜಿನವರಿಗೆ ಮಾತ್ರ ಮೀಸಲಾದ ಫಾರ್ಮ್ ಆ ಖಾತೆಯನ್ನು ಹೊರಗಿನವರದೆಂದು ತಿಳಿದು ಬಾಗಿಲು ಮುಚ್ಚುತ್ತದೆ. ಕ್ರೋಮ್‌ನಲ್ಲಿ ಕಾಲೇಜು ಖಾತೆಗೆಂದೇ ಪ್ರತ್ಯೇಕ ಪ್ರೊಫೈಲ್ ರಚಿಸುವುದು ಇದಕ್ಕೆ ಶಾಶ್ವತ ಪರಿಹಾರ. ಅವಸರದಲ್ಲಿದ್ದರೆ 'ಇನ್‌ಕಾಗ್ನಿಟೋ' ವಿಂಡೋದಲ್ಲಿ ಕಾಲೇಜು ವಿಳಾಸದಿಂದ ಮಾತ್ರ ಲಾಗಿನ್ ಆಗಬಹುದು.

ಇದಕ್ಕೆ ತಿರುಗುಮುರುಗಾದ ತೊಂದರೆ ಇನ್ನೂ ದುಬಾರಿಯಾದದ್ದು. ಜಿಮೇಲ್‌ನಲ್ಲಿ 25 ಎಂಬಿ ಮೀರಿದ ಕಡತವನ್ನು ಲಗತ್ತಿಸಿದರೆ ಅದು ತಾನಾಗಿಯೇ ಡ್ರೈವ್ ಕೊಂಡಿಯಾಗಿ ಮಾರ್ಪಡುತ್ತದೆ. ಕಡತ ಹಂಚಿಕೆಯನ್ನು ಕಾಲೇಜಿನ ಒಳಗಷ್ಟೇ ಮಿತಿಗೊಳಿಸಿರುವ ಕಡೆ, ಕಂಪನಿಯ ಅಧಿಕಾರಿಗೆ ಕಳುಹಿಸಿದ ಪ್ರಾಜೆಕ್ಟ್ ವರದಿ ಅಲ್ಲಿ ತೆರೆಯುವುದೇ ಇಲ್ಲ. ಕಳುಹಿಸಿದವರ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ತಪ್ಪು ತಿಳಿಯುವಾಗ ಅವಧಿ ಮುಗಿದಿರುತ್ತದೆ. ಸ್ವವಿವರ, ಅಂಕಪಟ್ಟಿಗಳನ್ನು ಗಾತ್ರ ತಗ್ಗಿಸಿ ಪಿಡಿಎಫ್ ರೂಪದಲ್ಲೇ ಲಗತ್ತಿಸುವುದು ಲೇಸು.

ಮೇಲ್ ಹಿಂದಿರುಗಿ ಬಂದರೆ ಅದರಲ್ಲಿರುವ ಸಂಖ್ಯೆಯನ್ನು ಓದಬೇಕು. 4ರಿಂದ ಆರಂಭವಾದರೆ ಅಡಚಣೆ ತಾತ್ಕಾಲಿಕ, 5ರಿಂದ ಆರಂಭವಾದರೆ ಸ್ಪಷ್ಟ ನಿರಾಕರಣೆ. '550 5.1.1' ಎಂದಿದ್ದರೆ ಅಂಥ ವಿಳಾಸವೇ ಇಲ್ಲವೆಂದರ್ಥ. ವಿಳಾಸ ಬರೆಯುವಾಗ ಆದ ಅಕ್ಷರದೋಷವೇ ಸಾಮಾನ್ಯ ಕಾರಣ.

ಜಾಗ ಮುಗಿದಾಗ

ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ನೀಡುತ್ತಿದ್ದ ಅನಿಯಮಿತ ಸ್ಥಳಾವಕಾಶದ ಕಾಲ ಮುಗಿದಿದೆ. 2021ರಲ್ಲಿ ಪ್ರಕಟಿಸಿ 2022ರಲ್ಲಿ ಜಾರಿಗೆ ತಂದ ನಿಯಮದಂತೆ ಉಚಿತ ಸೇವೆಯಲ್ಲಿ ಇಡೀ ಸಂಸ್ಥೆಗೆ ದೊರೆಯುವುದು 100 ಟಿಬಿ. ಹತ್ತು ಸಾವಿರ ಬಳಕೆದಾರರಿದ್ದರೆ ತಲಾ ಸುಮಾರು 10 ಜಿಬಿ ಬಂದಂತಾಯಿತು. ಆದ್ದರಿಂದಲೇ ಅನೇಕ ಕಾಲೇಜುಗಳು ಪ್ರತಿ ಖಾತೆಗೂ ಮಿತಿ ಹೇರಿವೆ. ಮಿತಿ ದಾಟಿದರೆ ಡ್ರೈವ್‌ಗೆ ಹೊಸ ಕಡತ ಸೇರಿಸಲಾಗದು. ಹಳೆಯ ತರಗತಿಗಳ ವಿಡಿಯೊಗಳನ್ನು ಅಳಿಸಿದರೆ ಸಾಲದು, ಟ್ರ್ಯಾಶ್ ಕೂಡ ಬರಿದಾಗಬೇಕು. ಇಲ್ಲವಾದರೆ ಅವು 30 ದಿನ ಅಲ್ಲಿಯೇ ಉಳಿದು ಜಾಗ ಆಕ್ರಮಿಸಿರುತ್ತವೆ.

ಈ ಸಮಸ್ಯೆಯನ್ನೇ ವಂಚಕರು ಬಂಡವಾಳ ಮಾಡಿಕೊಳ್ಳುತ್ತಾರೆ. 'ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, 24 ಗಂಟೆಯಲ್ಲಿ ದೃಢೀಕರಿಸಿ' ಎಂಬ ಸಂದೇಶದ ಕೊಂಡಿ ಒತ್ತಿದರೆ ಕಾಲೇಜಿನದರಂತೆಯೇ ತೋರುವ ನಕಲಿ ಲಾಗಿನ್ ಪುಟ ತೆರೆಯುತ್ತದೆ. ಅಲ್ಲಿ ಪಾಸ್‌ವರ್ಡ್ ನೀಡಿದ್ದರೆ ಕೂಡಲೇ ಬದಲಿಸಬೇಕು. ಆದರೆ ಕೆಲಸ ಅಷ್ಟಕ್ಕೇ ಮುಗಿಯದು. ಒಳನುಗ್ಗಿದವರು ಬರುವ ಮೇಲ್‌ಗಳನ್ನು ತಮ್ಮ ವಿಳಾಸಕ್ಕೆ ರವಾನಿಸುವ 'ಫಾರ್ವರ್ಡಿಂಗ್' ಅಥವಾ ಎಚ್ಚರಿಕೆಯ ಸಂದೇಶಗಳನ್ನು ಅಳಿಸುವ 'ಫಿಲ್ಟರ್' ಅಳವಡಿಸಿ ಹೋಗಿರಬಹುದು, ಪಾಸ್‌ವರ್ಡ್ ಬದಲಾದರೂ ಅವು ಉಳಿಯುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಎರಡನ್ನೂ ಪರಿಶೀಲಿಸಬೇಕು. ಕಂಪ್ಯೂಟರಿನಲ್ಲಿ ಜಿಮೇಲ್ ಪುಟದ ಕೆಳತುದಿಯ 'ಡೀಟೇಲ್ಸ್' ಒತ್ತಿದರೆ ಖಾತೆ ಇತ್ತೀಚೆಗೆ ಎಲ್ಲೆಲ್ಲಿ ತೆರೆದಿತ್ತೆಂಬ ಪಟ್ಟಿ ಸಿಗುತ್ತದೆ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಕಾಲೇಜು ಬಿಡುವ ಮುನ್ನ

ದುರಸ್ತಿಯೇ ಇಲ್ಲದ ತೊಂದರೆ ಎದುರಾಗುವುದು ಪದವಿ ಮುಗಿದ ಬಳಿಕ. ವಿದ್ಯಾರ್ಥಿ ಹೊರಹೋದ ಮೇಲೆ ಖಾತೆಯನ್ನು ಅಳಿಸುವ ಅಧಿಕಾರ ಕಾಲೇಜಿಗಿದೆ. ಗೂಗಲ್ ವ್ಯವಸ್ಥೆಯಲ್ಲಿ ಅಳಿಸಿದ ಖಾತೆಯನ್ನು ಆಡಳಿತಗಾರರು ಮರಳಿ ಪಡೆಯಲು ಇರುವುದು 20 ದಿನ ಮಾತ್ರ. ಆ ನಂತರ ಯಾರನ್ನು ಬೇಡಿಕೊಂಡರೂ ಫಲವಿಲ್ಲ. ಗೆಳೆಯರೊಂದಿಗೆ ಹಂಚಿಕೊಂಡ ಪ್ರಾಜೆಕ್ಟ್ ಕಡತ ಆ ಖಾತೆಯ ಹೆಸರಿನಲ್ಲಿದ್ದರೆ, ಒಡೆತನ ವರ್ಗಾಯಿಸದ ಹೊರತು ಅದು ಅವರಿಗೂ ಇಲ್ಲವಾಗುತ್ತದೆ.

ಕೊನೆಯ ಸೆಮಿಸ್ಟರ್‌ನಲ್ಲಿಯೇ ಗೂಗಲ್‌ನ 'ಟ್ರಾನ್ಸ್‌ಫರ್ ಯುವರ್ ಕಂಟೆಂಟ್' ಸೌಲಭ್ಯದ ಮೂಲಕ ಮೇಲ್ ಮತ್ತು ಡ್ರೈವ್ ಕಡತಗಳನ್ನು ಸ್ವಂತ ಖಾತೆಗೆ ನಕಲಿಸಿಕೊಳ್ಳಬಹುದು, ಆದರೆ ಕಾಲೇಜು ಅದಕ್ಕೆ ಅವಕಾಶ ನೀಡಿರಬೇಕು. ಉಚಿತ ಸ್ವಂತ ಖಾತೆಯ ಮಿತಿ 15 ಜಿಬಿ ಎಂಬುದು ನೆನಪಿರಲಿ. ನಕಲು ಪೂರ್ಣಗೊಳ್ಳಲು ಕೆಲವೊಮ್ಮೆ ದಿನಗಳೇ ಹಿಡಿಯುವುದರಿಂದ ಕಡೆಯ ದಿನಕ್ಕೆ ಬಿಡಬಾರದು. ಉದ್ಯೋಗ ಜಾಲತಾಣ, ಬ್ಯಾಂಕು, ಆನ್‌ಲೈನ್ ಕೋರ್ಸುಗಳಲ್ಲಿ ಕಾಲೇಜು ವಿಳಾಸ ನೀಡಿದ್ದರೆ ಅವುಗಳನ್ನು ಒಂದೊಂದಾಗಿ ಬದಲಿಸಬೇಕು. ಬದಲಾವಣೆಗೆ ಬೇಕಾದ ಒಟಿಪಿ ಹಳೆಯ ವಿಳಾಸಕ್ಕೇ ಬರುವ ತಾಣಗಳೂ ಇವೆ, ಆದ್ದರಿಂದ ಖಾತೆ ಜೀವಂತವಿರುವಾಗಲೇ ಇದು ಆಗಬೇಕಾದ ಕೆಲಸ.