ಒಲೆ ಎದ್ದು ನಿಂತಿದ್ದು ಯಾವಾಗ?

ನಮ್ಮೂರ ಹೆಸರಲ್ಲೇ ಕಟ್ಟಿ ಇದೆ: ಲಕ್ಕಲಕಟ್ಟಿ. ಆದರೆ ಊರಿನ ಹಳೇ ಅಡಿಗಿಮನಿಗಳಲ್ಲಿ ಕಟ್ಟಿ ಅನ್ನೋದೇ ಇರಲಿಲ್ಲ. ಒಲೆ ನೆಲದ ಮೇಲೆ, ಬೀಸುಕಲ್ಲು ನೆಲದ ಮೇಲೆ, ರೊಟ್ಟಿ ಬಡಿಯೋದೂ ನೆಲದ ಮೇಲೆ ಕೂತೇ. ಇವತ್ತು ನಾವು ಫ್ಲ್ಯಾಟ್ ನೋಡೋಕೆ ಹೋದಾಗ ಮೊದಲು ಕೈಯಾಡಿಸುವ ಆ ನುಣುಪಾದ ಗ್ರಾನೈಟ್ ಕಟ್ಟೆ ಇದೆಯಲ್ಲ, ಅದು ನಮ್ಮ ಅಜ್ಜಿಯರಿಗೆ ಗೊತ್ತೇ ಇಲ್ಲದ ವಸ್ತು.

ಇದರ ಹಿಂದೆ ಬೀಳೋ ಹಾಗೆ ಮಾಡಿದ್ದು ನಮ್ಮಕ್ಕ. ಕುಮಟಾ ಕಡೆ ಮದುವೆಯಾಗಿ ಹೋದವಳು, ಈಗ ಅಡುಗೆಮನೆ ಹೊಸದಾಗಿ ಮಾಡಿಸ್ತಿದ್ದಾಳೆ. "ತಮ್ಮಾ, ನಮ್ಮ ಕಡೀ ಕಲ್ಲು ತರಿಸಿದ್ರ ಹೆಂಗ? ಇಲ್ಲಿ ಮಳಿಗೆ ತಡೀತೈತೇನು?" ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾದರೆ ದೊಡ್ಡ ಮಾತು, ಅವಳ ಊರಲ್ಲಿ ಅದು 3000 ದಾಟುತ್ತೆ. ಉತ್ತರ ಹುಡುಕ್ತಾ ಹೋದರೆ ಅದು ಚಾಲುಕ್ಯರ ತನಕ ಎಳೆದುಕೊಂಡು ಹೋಯಿತು.

ಗಜೇಂದ್ರಗಡದ ಸುತ್ತಲಿನ ಗುಡ್ಡಗಳು ಮರಳುಗಲ್ಲಿನವು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಬಾದಾಮಿ ಚಾಲುಕ್ಯರು ಕೆತ್ತಿಸಿದ್ದು ಇದೇ ಜಾತಿಯ ಕಲ್ಲನ್ನು. ಆಮೇಲೆ ಬಂದ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಶಿಲ್ಪಿಗಳು ಮರಳುಗಲ್ಲು ಬಿಟ್ಟು ಬಳಪದ ಕಲ್ಲಿನ ಕಡೆ ತಿರುಗಿದರು. ಲಕ್ಕುಂಡಿಯ ಕಾಶಿವಿಶ್ವೇಶ್ವರ, 1112ರ ಇಟಗಿಯ ಮಹಾದೇವ ದೇವಾಲಯ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಕಲ್ಲು ಮೆತ್ತಗಿದ್ದರೆ ಉಳಿ ಎಲ್ಲಿ ಬೇಕಾದರೂ ಹೋಗುತ್ತೆ, ಎಳೆ ಎಳೆಯಾಗಿ ಬಿಡಿಸಬಹುದು. ಕಲ್ಲಿನ ಆಯ್ಕೆ ಬದಲಾದಾಗ ಕಲೆಯೇ ಬದಲಾಯಿತು.

ಅದೇ ಬಳಪದ ಕಲ್ಲು ಅಡುಗೆಮನೆಗೂ ಬಂದಿತ್ತು ಅನ್ನೋದನ್ನ ನಾವು ಮರೀತೀವಿ. ಉಪ್ಪಿನಕಾಯಿ, ಮಜ್ಜಿಗೆ ಇಡುತ್ತಿದ್ದ ಕಲ್ಮರಿಗೆ ನೆನಪಿಸಿಕೊಳ್ಳಿ. ಹುಳಿ ಎಷ್ಟೇ ಇದ್ದರೂ ಆ ಕಲ್ಲು ಅದರ ಜೊತೆ ಜಗಳಕ್ಕೆ ಹೋಗಲ್ಲ. ಅಮೆರಿಕದ ಹಳೇ ಕೆಮಿಸ್ಟ್ರಿ ಲ್ಯಾಬುಗಳ ಮೇಜಿಗೆ ಇದೇ ಜಾತಿಯ ಕಲ್ಲು ಹಾಕುತ್ತಿದ್ದದ್ದೂ ಆಸಿಡ್‌ಗೆ ಬಗ್ಗಲ್ಲ ಅಂತಲೇ. ಬೀಸುಕಲ್ಲು, ಒರಳಿಗೆ ಮಾತ್ರ ಗಟ್ಟಿ ಕಲ್ಲೇ ಬೇಕು. ಯಾವ ಕೆಲಸಕ್ಕೆ ಯಾವ ಕಲ್ಲು ಅನ್ನೋ ತಿಳಿವಳಿಕೆ ಮನೆಯಲ್ಲೇ ಇತ್ತು.

ನಡುವೆ ಬಂದದ್ದು ಶಹಾಬಾದ್ ಕಲ್ಲು. ಇದು ಸುಣ್ಣದ ಕಲ್ಲು, ಪದರ ಪದರವಾಗಿ ಏಳುತ್ತೆ. ಗರಗಸ ಬೇಡ, ಉಳಿ ಸುತ್ತಿಗೆಯಲ್ಲೇ ಹಾಸು ಎಬ್ಬಿಸಬಹುದು. 1871ರಲ್ಲಿ ರಾಯಚೂರು ಮುಟ್ಟಿದ ಮುಂಬೈ ರೈಲು ಮಾರ್ಗ ಶಹಾಬಾದ್ ಮೇಲೇ ಹಾದುಹೋಯಿತು, ಕಲ್ಲಿಗೆ ದೂರದ ಊರುಗಳ ದಾರಿ ಸಿಕ್ಕಿತು. ಮುಂದೆ ಕಟ್ಟೆ ಕಟ್ಟುವ ಕಾಲ ಬಂದಾಗ ಆಂಧ್ರದ ಕಪ್ಪು ಕಡಪಾ ಕಲ್ಲು ಜೊತೆಯಾಯಿತು. ಇವೆರಡರದ್ದೂ ಒಂದೇ ದೌರ್ಬಲ್ಯ: ನಿಂಬೆಹಣ್ಣು, ಹುಣಸೆ ರಸ ಚೆಲ್ಲಿದರೆ ಸುಣ್ಣದ ಅಂಶ ಕರಗಿ ಹೊಳಪು ಸತ್ತುಹೋಗುತ್ತೆ. ದಿನಾ ಮೀನು ಸಾರು, ಪುನರ್ಪುಳಿ ಇರುವ ಮನೆಗೆ ಇದು ಸಣ್ಣ ವಿಷಯ ಅಲ್ಲ.

ಸರಿ, ಒಲೆ ಎದ್ದು ನಿಂತಿದ್ದು ಯಾವಾಗ? ಯುರೋಪಿನಲ್ಲಿ ಇದಕ್ಕೊಂದು ಪ್ರಸಿದ್ಧ ಮೈಲಿಗಲ್ಲಿದೆ: 1926ರಲ್ಲಿ ಮಾರ್ಗರೆಟೆ ಶೂಟೆ-ಲಿಹೋಟ್ಸ್‌ಕಿ ಅನ್ನೋ ಆರ್ಕಿಟೆಕ್ಟ್ ವಿನ್ಯಾಸ ಮಾಡಿದ 'ಫ್ರಾಂಕ್‌ಫರ್ಟ್ ಕಿಚನ್'. ಗೃಹಿಣಿ ಎಷ್ಟು ಹೆಜ್ಜೆ ನಡೀತಾಳೆ ಅಂತ ಲೆಕ್ಕ ಹಾಕಿ ಮಾಡಿದ ಪುಟ್ಟ ಅಡುಗೆಮನೆ ಅದು. ನಮ್ಮಲ್ಲಿ ಆ ಕೆಲಸ ಮುಖ್ಯವಾಗಿ ಮಾಡಿದ್ದು ಸಿಲಿಂಡರ್. ಇಂಡೇನ್‌ನ ಮೊದಲ ಸಂಪರ್ಕ ಕೋಲ್ಕತಾದಲ್ಲಿ ಸಿಕ್ಕಿದ್ದು 1965ರಲ್ಲಿ. ಗ್ಯಾಸ್ ಒಲೆ ಸಿಲಿಂಡರಿಗಿಂತ ಮೇಲಿರಬೇಕು ಅನ್ನೋದು ಸುರಕ್ಷತೆಯ ನಿಯಮ. ಹಾಗಾಗಿ ಒಲೆ ಮೇಲೇರಿತು, ಅದರ ಜೊತೆ ಅಡುಗೆ ಮಾಡುವವರೂ ಎದ್ದು ನಿಂತರು. ಉತ್ತರ ಕರ್ನಾಟಕದ ಮನೆಗಳಲ್ಲಿ ಈಗಲೂ ಅದಕ್ಕೆ 'ಗ್ಯಾಸ್ ಕಟ್ಟಿ' ಅಂತಲೇ ಹೆಸರು. ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದ ಹೆಂಗಸರಿಗೆ ಈ ಎರಡೂವರೆ ಅಡಿ ಎತ್ತರ ಸಣ್ಣ ಬಿಡುಗಡೆಯಲ್ಲ.

ಗ್ರಾನೈಟ್ ಬಂದದ್ದು ಕೊನೆಗೆ. ಇಳಕಲ್‌ನ ಕೆಂಪು ಗ್ರಾನೈಟ್ ನಮ್ಮ ಮಗ್ಗುಲಲ್ಲೇ ಇದ್ದರೂ ಅದನ್ನ ಎರಡು ಸೆಂಟಿಮೀಟರ್ ದಪ್ಪದ ಹಾಳೆ ಮಾಡೋಕೆ ಡೈಮಂಡ್ ಗರಗಸ, ಪಾಲಿಶ್ ಮೆಷಿನ್ ಬರಬೇಕಾಯಿತು. ಅದು ನೀರು ಹೀರೋದು ತೀರಾ ಕಡಿಮೆ, ಹುಳಿಗೂ ಅಂಜಲ್ಲ.

ಅಂದರೆ ಅಕ್ಕನ ಪ್ರಶ್ನೆಗೆ ಉತ್ತರ: ತಡೀತೈತಿ. ಕರಾವಳಿಯಲ್ಲಿ ಕೆಡೋದು ಬಹುಪಾಲು ಕಲ್ಲಿನ ಕೆಳಗಿರೋದು. ಅಲ್ಲಿನ ಗೋಡೆ ಕೆಂಪುಕಲ್ಲಿನದು. ಬುಕನನ್ 1807ರಲ್ಲಿ 'ಲ್ಯಾಟರೈಟ್' ಅಂತ ಹೆಸರಿಟ್ಟದ್ದು ಇದಕ್ಕೇ. ಲ್ಯಾಟಿನ್ನಿನಲ್ಲಿ ಆ ಪದದ ಮೂಲ ಅರ್ಥ ಇಟ್ಟಿಗೆ. ಅಗೆದಾಗ ಮೆತ್ತಗೆ, ಗಾಳಿಗೆ ಗಟ್ಟಿ, ಆದರೆ ಮೈತುಂಬಾ ರಂಧ್ರ, ಮಳೆಗಾಲದಲ್ಲಿ ತೇವ ಹಿಡಿದಿಟ್ಟುಕೊಳ್ಳುತ್ತೆ. ಕಲ್ಲಿನ ಕೆಳಗೆ ಪ್ಲೈವುಡ್ ಇದ್ದರೆ ಆ ತೇವಕ್ಕೆ ಉಬ್ಬುತ್ತೆ. ಕಬ್ಬಿಣದ ಆಂಗಲ್ ಇದ್ದರೆ ಉಪ್ಪು ಗಾಳಿಗೆ ತುಕ್ಕು ಹಿಡಿದು, ಊದಿ, ಕಲ್ಲನ್ನೇ ಎತ್ತುತ್ತೆ.

ಹಾಗಾಗಿ ನಾವು ಮಾಡಿಕೊಂಡ ಪ್ಲಾನ್ ಇಷ್ಟು. ಕೆಳಗೆ ಗಾರೆಯ ಕಟ್ಟೆ, ಸ್ಟೀಲ್ ಬೇಕಾದಲ್ಲಿ ಸ್ಟೇನ್‌ಲೆಸ್. ಕೆಲಸ ಜನವರಿ-ಫೆಬ್ರವರಿಯಲ್ಲಿ, ಗಾರೆ ಪೂರ್ತಿ ಒಣಗಿದ ಮೇಲೆ. ಹಸಿ ಕಲ್ಲಿಗೆ ಸೀಲರ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತೆ. ಸೀಲರ್ ಬೇಕೇ ಬೇಡವೇ ಅಂತ ನೋಡೋಕೆ ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯೋದು, ಆ ಜಾಗ ಕಪ್ಪಾದರೆ ಬೇಕು. ಗೋಡೆ ಮತ್ತು ಕಲ್ಲು ಸೇರುವಲ್ಲಿ ಸಿಮೆಂಟ್ ಬದಲು ಸಿಲಿಕೋನ್. ಅಂಚಿನ ಅಡಿಗೆ ಒಂದು ಸಣ್ಣ ಗೀರು, ನೀರು ಒಳಗೆ ಹರಿಯದೆ ಅಲ್ಲೇ ತೊಟ್ಟಿಕ್ಕೋ ಹಾಗೆ.

ಅಂಗಡಿಯವರು ತೋರಿಸಿದ 'ಕ್ವಾರ್ಟ್ಜ್' ಮಾತ್ರ ಬೇಡ ಅಂದೆವು. ಕಲ್ಲಿನ ಪುಡಿಗೆ ರಾಳ ಬೆರೆಸಿ ಮಾಡುವ ಈ ಹಲಗೆಗಳಲ್ಲಿ ಬಹುಪಾಲು ಸಿಲಿಕಾ. ಕತ್ತರಿಸುವಾಗ ಏಳುವ ಧೂಳು ಉಸಿರಿಗೆ ಹೋದರೆ ಸಿಲಿಕೋಸಿಸ್, ಅದಕ್ಕೆ ಪೂರ್ತಿ ವಾಸಿಮಾಡುವ ಮದ್ದಿಲ್ಲ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇದನ್ನ ನಿಷೇಧಿಸಿದ್ದು ಕಟ್ಟೆ ಕೊಯ್ಯುವ ಯುವಕರ ಶ್ವಾಸಕೋಶ ನೋಡಿ. ಗ್ರಾನೈಟ್‌ನಲ್ಲೂ ಸಿಲಿಕಾ ಇದೆ, ಕಡಿಮೆ ಅಷ್ಟೇ. ಅದಕ್ಕೇ ಪ್ಲಾನಿನಲ್ಲಿ ಇನ್ನೊಂದು ಸಾಲು ಸೇರಿಸಿದ್ದೀನಿ: ಸಿಂಕಿನ ತೂತು ಮನೆಯೊಳಗೆ ಒಣದಾಗಿ ಕೊಯ್ಯಕೂಡದು, ನೀರು ಹಾಯಿಸುತ್ತಾ, ಮಾಸ್ಕ್ ಹಾಕಿಕೊಂಡು, ಹೊರಗೆ. ಹೆಚ್ಚುವರಿ ಕೂಲಿ ನಮ್ಮದು.

ಅಡುಗೆ ಮಾಡುವವರ ಕಣ್ಣಿನ ಹೊಗೆ ಹೋಗಲಿ ಅಂತ ಎದ್ದ ಕಟ್ಟೆ ಇದು. ಆ ಹೊಗೆ ಧೂಳಾಗಿ ಇನ್ನೊಬ್ಬರ ಎದೆಗೆ ಹೋಗಬಾರದು. ನೀವು ಕಟ್ಟೆ ಮಾಡಿಸುವಾಗ ಬಣ್ಣ, ರೇಟು ಕೇಳಿದ ಮೇಲೆ, ಎಲ್ಲಿ, ಹೇಗೆ ಕೊಯ್ತೀರಿ ಅಂತಲೂ ಒಂದು ಮಾತು ಕೇಳಿ.