ಹಿರಿಯರ ಲ್ಯಾಬ್ ರಿಪೋರ್ಟ್ ಏನನ್ನು ಮುಂದಾಗಿ ಹೇಳಬಲ್ಲದು?

ಎಪ್ಪತ್ತೈದು ದಾಟಿದವರಿಗೆ ನ್ಯುಮೋನಿಯಾ ಬಂದರೆ ಜ್ವರ ಕಾಣಿಸದೇ ಇರಬಹುದು, ಕೆಮ್ಮೂ ಇಲ್ಲದಿರಬಹುದು. ಊಟ ಬಿಡುತ್ತಾರೆ, ಹೊತ್ತುಗೊತ್ತು ಮರೆತು ಏನೇನೋ ಮಾತಾಡುತ್ತಾರೆ, ಬಚ್ಚಲಿಗೆ ಹೋಗುವಾಗ ಕುಸಿಯುತ್ತಾರೆ. 'ವಯಸ್ಸಾಯಿತಲ್ಲ' ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಕಾಯಿಲೆ ಬಲಿತಿರುತ್ತದೆ. ಹೊರಗಿನ ಲಕ್ಷಣಗಳು ಹೀಗೆ ಕೈಕೊಡುವುದರಿಂದ ವೃದ್ಧರ ವಿಷಯದಲ್ಲಿ ರಕ್ತಪರೀಕ್ಷೆಗೆ ಹೆಚ್ಚಿನ ತೂಕ ಬಂತು. ಯಾವ ಕಾಯಿಲೆ ಎಂದು ತಿಳಿಯಲು ಮಾತ್ರವಲ್ಲ, ಇವರು ಚೇತರಿಸಿಕೊಳ್ಳುತ್ತಾರೆಯೇ, ನಡೆದುಕೊಂಡು ಮನೆಗೆ ಹೋಗುತ್ತಾರೆಯೇ, ಮುಂದಿನ ವರ್ಷಕ್ಕೆ ಇರುತ್ತಾರೆಯೇ ಎಂದು ಅಂದಾಜು ಮಾಡಲೂ ಅದು ಬೇಕಾಯಿತು.

ಮೊದಲ ಹೆಜ್ಜೆಗಳು ವೃದ್ಧರಿಗಾಗಿಯೇ ಇಟ್ಟವಲ್ಲ. ನಿಲ್ಲಿಸಿದ ಕೊಳವೆಯಲ್ಲಿ ಕೆಂಪುಕಣಗಳು ಎಷ್ಟು ಬೇಗ ತಳಕ್ಕಿಳಿಯುತ್ತವೆ ಎಂಬುದನ್ನು ಸ್ವೀಡನ್ನಿನ ರಾಬಿನ್ ಫೋರಿಯಸ್ 1918ರಲ್ಲಿ ವಿವರಿಸಿದರು. ಅದೇ ಇಂದಿನ ಇಎಸ್‌ಆರ್. ವಯಸ್ಸಾದಂತೆ ಅದು ತಾನಾಗಿಯೇ ಏರುತ್ತದೆ, ಹಾಗಾಗಿ ಹಿರಿಯರಲ್ಲಿ ಅದರ ಮಾತಿಗೆ ಸ್ಪಷ್ಟತೆ ಕಡಿಮೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಹೊಸದೊಂದು ವಸ್ತುವನ್ನು ಕಂಡರು. ಕಾಯಿಲೆ ಇಳಿದಂತೆ ಅದೂ ಮಾಯವಾಗುತ್ತಿತ್ತು. ಕೋವಿಡ್ ಕಾಲದಲ್ಲಿ ನಮ್ಮ ಮನೆಮಾತಾದ ಸಿಆರ್‌ಪಿ ಅದು.

ಭವಿಷ್ಯ ಹೇಳುವ ವಿಷಯದಲ್ಲಿ ಹೆಚ್ಚು ಹೆಸರು ಮಾಡಿದ್ದು ಮಾತ್ರ ಅಲ್ಬುಮಿನ್. ಯಕೃತ್ತು ತಯಾರಿಸುವ ಈ ಪ್ರೋಟೀನ್ ಕಡಿಮೆಯಿದ್ದ ಹಿರಿಯರಲ್ಲಿ ಸಾವು ಹೆಚ್ಚು ಎಂದು ಅಮೆರಿಕದಲ್ಲಿ 71 ದಾಟಿದವರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಬುಮಿನ್ ಇಳಿದಿದ್ದರೆ ಪೋಷಣೆ ಸಾಲದು ಎಂದೇ ದಶಕಗಳ ಕಾಲ ಅರ್ಥ ಮಾಡಲಾಯಿತು. ಆ ಅರ್ಥ ಪೂರ್ತಿ ನಿಲ್ಲಲಿಲ್ಲ. ಸೋಂಕು ಅಥವಾ ಪೆಟ್ಟು ಉರಿಯೂತ ಎಬ್ಬಿಸಿದಾಗ ಯಕೃತ್ತು ಅಲ್ಬುಮಿನ್ ತಯಾರಿಕೆ ತಗ್ಗಿಸಿ ಸಿಆರ್‌ಪಿಯಂಥವನ್ನು ಹೆಚ್ಚಿಸುತ್ತದೆ. ಜೊತೆಗೆ ರಕ್ತನಾಳಗಳಿಂದ ಅಲ್ಬುಮಿನ್ ಹೊರಕ್ಕೆ ಜಿನುಗುತ್ತದೆ. ಚೆನ್ನಾಗಿ ಉಂಡವರಲ್ಲೂ ಅದು ಕೆಲವೇ ದಿನಗಳಲ್ಲಿ ಕುಸಿಯುವುದು ಇದರಿಂದ. ಇಂದು ಪೋಷಣಾ ತಜ್ಞರೇ ಅದನ್ನು ಉರಿಯೂತದ ಗುರುತೆಂದು ಓದಲು ಹೇಳುತ್ತಾರೆ.

ಈ ವ್ಯತ್ಯಾಸ ಪುಸ್ತಕಕ್ಕೆ ಮಾತ್ರ ಸೇರಿದ್ದಲ್ಲ, ರೋಗಿಯ ಮನೆಯವರ ಜೇಬಿಗೂ ಸೇರಿದ್ದು. ಅಲ್ಬುಮಿನ್ ಕಡಿಮೆ ಎಂದಾಗ ದುಬಾರಿ ಬಾಟಲಿ ಏರಿಸಿದರೆ ಅಪಾಯ ಇಳಿಯುತ್ತದೆಯೇ? ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ತೀವ್ರ ನಿಗಾ ಘಟಕಗಳ ಸುಮಾರು 7,000 ರೋಗಿಗಳಲ್ಲಿ ಅಲ್ಬುಮಿನ್ ದ್ರಾವಣವನ್ನೂ ಸಾಮಾನ್ಯ ಸಲೈನನ್ನೂ ಹೋಲಿಸಿದ 'ಸೇಫ್' ಪ್ರಯೋಗದ ಫಲಿತಾಂಶ 2004ರಲ್ಲಿ ಬಂತು. 28 ದಿನಗಳ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಲ್ಬುಮಿನ್ ಕಡಿಮೆಯಿದ್ದವರನ್ನು ಬೇರೆಯಾಗಿ ನೋಡಿದಾಗಲೂ ಅಷ್ಟೇ. ಯಕೃತ್ತಿನ ಕೆಲವು ಕಾಯಿಲೆಗಳಲ್ಲಿ ಅದಕ್ಕೆ ನಿಜವಾದ ಉಪಯೋಗವಿದೆ. ಉಳಿದೆಡೆ ಇಳಿದ ಅಲ್ಬುಮಿನ್ ಅಪಾಯವಿದೆ ಎಂದು ಸಾರುತ್ತದೆ, ಅದೇ ಅಪಾಯದ ಕಾರಣ ಆಗಿರಬೇಕೆಂದಿಲ್ಲ. ರಕ್ತದ ಸೂಚಕಗಳ ಬಗ್ಗೆ ಒಂದೇ ವಿಷಯ ಹೇಳಲು ಅವಕಾಶವಿದ್ದರೆ ನಾನು ಹೇಳುವುದು ಇದನ್ನೇ.

2001ರಲ್ಲಿ ಲೂಯಿಸ್ ವಾಲ್ಟರ್ ಮತ್ತು ಸಂಗಡಿಗರು ಒಂದು ಅಂಕಪಟ್ಟಿ ಪ್ರಕಟಿಸಿದರು. ಅಮೆರಿಕದ ಒಹಾಯೊ ರಾಜ್ಯದ ಆಸ್ಪತ್ರೆಗಳಿಂದ ಮನೆಗೆ ಹೊರಟ, 70 ದಾಟಿದವರ ಮುಂದಿನ ಒಂದು ವರ್ಷವನ್ನು ಅಂದಾಜು ಮಾಡುವ ಪಟ್ಟಿ ಅದು. ಅಲ್ಬುಮಿನ್ 3ಕ್ಕಿಂತ ಕೆಳಗಿದ್ದರೆ 2 ಅಂಕ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 3ಕ್ಕಿಂತ ಮೇಲಿದ್ದರೆ 2 ಅಂಕ. ಆದರೆ ಸ್ನಾನ, ಬಟ್ಟೆ ತೊಡುವುದು, ಶೌಚ, ಮಂಚದಿಂದ ಏಳುವುದು, ಊಟ ಈ ಐದಕ್ಕೂ ಇನ್ನೊಬ್ಬರ ಕೈ ಬೇಕಾದರೆ 5 ಅಂಕ. ಲ್ಯಾಬಿನ ಎರಡು ಸೂಚಕಗಳೂ ಸೇರಿ ಆ ಒಂದು ವಿಚಾರಣೆಗೆ ಸಮನಾಗಲಿಲ್ಲ! 2008ರಲ್ಲಿ ಇಟಲಿಯ ಆಲ್ಬರ್ಟೊ ಪಿಲೊಟ್ಟೊ ತಂಡ ರೂಪಿಸಿದ ಸೂಚ್ಯಂಕದಲ್ಲಂತೂ ರಕ್ತಪರೀಕ್ಷೆಯೇ ಇರಲಿಲ್ಲ. ನಡೆ, ನೆನಪು, ಊಟ, ಮಾತ್ರೆಗಳ ಸಂಖ್ಯೆ, ಜೊತೆಗೆ ಯಾರಿದ್ದಾರೆ ಎಂಬಂಥ ವಿವರಗಳಿಂದಲೇ ಅದು ಒಳ್ಳೆಯ ಅಂದಾಜು ಕೊಟ್ಟಿತು.

ರಕ್ತದ ಶೋಧ ಅಲ್ಲಿಗೆ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಮುಪ್ಪಿನೊಡನೆ ಸಣ್ಣಗೆ ಉಳಿದುಬಿಡುವ ಉರಿಯೂತದ ಕಲ್ಪನೆಯನ್ನು 2000ದಲ್ಲಿ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ ಮುಂದಿಟ್ಟರು. ಇಂಟರ್‌ಲ್ಯೂಕಿನ್-6, ಪ್ರೊಕ್ಯಾಲ್ಸಿಟೋನಿನ್, ಟ್ರೊಪೊನಿನ್ ಎಂಬ ರಕ್ತದ ಸೂಚಕಗಳೂ ಒಂದೊಂದಾಗಿ ವಾರ್ಡಿಗೆ ಬಂದವು. ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ಸೂಸನ್ ಹೌಲೆಟ್, ಕೆನೆತ್ ರಾಕ್‌ವುಡ್ ಮೊದಲಾದವರು 2014ರಲ್ಲಿ ಪ್ರಕಟಿಸಿದ ಕೆಲಸ. ಹೊಸ ಅಣುವನ್ನು ಅವರು ಹುಡುಕಲಿಲ್ಲ. ಮಾಮೂಲಿ ಪರೀಕ್ಷೆಗಳನ್ನು, ರಕ್ತದೊತ್ತಡವನ್ನು ತೆಗೆದುಕೊಂಡು ಅವುಗಳಲ್ಲಿ ಎಷ್ಟು ಹದ ತಪ್ಪಿವೆ ಎಂದು ಎಣಿಸಿದರು. ತಪ್ಪಿದವು ಹೆಚ್ಚಿದಂತೆ ಸಾವಿನ ಅಪಾಯವೂ ಹೆಚ್ಚಿತು. ಯಾವ ಪರೀಕ್ಷೆ ಎಂಬುದಕ್ಕಿಂತ ಎಷ್ಟು ಎಂಬುದೇ ದೊಡ್ಡದಾಯಿತು. ದೇಹದ ದೌರ್ಬಲ್ಯ ಒಂದು ಅಂಗದ್ದಲ್ಲ, ಹಲವು ಅಂಗಗಳಲ್ಲಿ ಚೂರುಚೂರಾಗಿ ಸೇರುವಂಥದ್ದು ಎಂಬುದಕ್ಕೆ ಇದು ಹೊಂದುತ್ತದೆ.

'ಹದ' ಎಂದರೆ ಯಾರ ಹದ ಎಂಬ ತೊಡಕೂ ಇದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಮೈ ಬತ್ತಿದ ಅಜ್ಜಿಯ ಮೂತ್ರಪಿಂಡ ಸೋಲುತ್ತಿದ್ದರೂ ರಿಪೋರ್ಟಿನಲ್ಲಿ 0.9 ಎಂದೇ ಕಾಣಬಹುದು. ಸ್ನಾಯುವನ್ನು ಅಷ್ಟಾಗಿ ನೆಚ್ಚದ ಸಿಸ್ಟಾಟಿನ್-ಸಿ ವೃದ್ಧರ ಸಾವಿನ ಅಪಾಯವನ್ನು ಕ್ರಿಯಾಟಿನಿನ್‌ಗಿಂತ ಚೆನ್ನಾಗಿ ತೋರುತ್ತದೆ ಎಂದು 2005ರಲ್ಲೇ ತಿಳಿಯಿತು. ಹೃದಯ ವೈಫಲ್ಯದ ಎನ್‌ಟಿ-ಪ್ರೊಬಿಎನ್‌ಪಿ ಪರೀಕ್ಷೆಯಲ್ಲಿ 50ರೊಳಗಿನವರಿಗೆ 450 ಗಡಿಯಾದರೆ 75 ದಾಟಿದವರಿಗೆ 1,800.

ಕೋವಿಡ್ ಇದೆಲ್ಲವನ್ನೂ ಒರೆಗೆ ಹಚ್ಚಿತು. ಡಿ-ಡೈಮರ್, ಫೆರಿಟಿನ್ ಎಂಬ ಹೆಸರುಗಳು ಕರ್ನಾಟಕದ ಮನೆಮನೆಗಳ ವಾಟ್ಸಾಪಿನಲ್ಲಿ ಓಡಾಡಿದವು. ಆಗ ಬಂದ ನೂರಾರು ಲೆಕ್ಕಾಚಾರಗಳಲ್ಲಿ ಬಹುಪಾಲು ದೋಷದವೆಂದು ವಿಮರ್ಶೆಗಳು ಹೇಳಿದವು. ಬ್ರಿಟನ್ನಿನ 50,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯಿಂದ ರೂಪಿಸಿ ಪರೀಕ್ಷಿಸಿದ '4ಸಿ' ಅಂಕಪಟ್ಟಿ ಉಳಿದುಕೊಂಡಿತು. ಅದರಲ್ಲಿ ರಕ್ತಪರೀಕ್ಷೆಗಳು ಎರಡೇ, ಯೂರಿಯಾ ಮತ್ತು ಸಿಆರ್‌ಪಿ. ಒಟ್ಟು 21 ಅಂಕಗಳಲ್ಲಿ ಅವೆರಡರ ಪಾಲು ಹೆಚ್ಚೆಂದರೆ 5.

ಈ ಪಟ್ಟಿಗಳನ್ನು ನಮ್ಮ ವಾರ್ಡುಗಳಿಗೆ ಹಾಗೇ ತರುವಂತಿಲ್ಲ. ರಕ್ತಹೀನತೆ ಇಲ್ಲಿ ವ್ಯಾಪಕ, ಸ್ನಾಯು ಕಡಿಮೆ, ಕ್ಷಯ ಇನ್ನೂ ಇದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ರಕ್ತವನ್ನೂ ನೆನಪನ್ನೂ ಅಳೆಯುತ್ತಿದೆ. ಊರಿನಲ್ಲಿ ನಡೆಯುವ ಅಂಥ ಹಿಂಬಾಲಿಕೆ ಆಸ್ಪತ್ರೆಯಿಂದ ಹೊರಟ ಹಿರಿಯರ ವಿಷಯದಲ್ಲೂ ಆಗಬೇಕು. ಹಿಮೋಗ್ಲೋಬಿನ್, ಅಲ್ಬುಮಿನ್, ಕ್ರಿಯಾಟಿನಿನ್ ದುಬಾರಿ ಪರೀಕ್ಷೆಗಳಲ್ಲ. ಅವುಗಳ ಜೊತೆಗೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಸ್ನಾನ, ಬಟ್ಟೆ, ಶೌಚ, ಏಳುವುದು, ಊಟ ಎಂದು ಐದು ಖಾನೆ ಇಟ್ಟು, ಆರು ತಿಂಗಳ ಮೇಲೆ ಒಂದು ಫೋನು ಮಾಡಿ ವಿಚಾರಿಸಿದರೆ ನಮ್ಮ ಅಂಕಪಟ್ಟಿ ನಮ್ಮಲ್ಲೇ ಹುಟ್ಟಬಹುದು.