ಅಂಕಿತ ಯಾರದು?

‘ಅಂಕಿತ’ ಎಂಬ ಮಾತಿಗೆ ಪತ್ರಿಕೆಗಳಲ್ಲಿ ಈಗ ಹೆಚ್ಚುಕಡಿಮೆ ಒಂದೇ ಕೆಲಸ: ಮಸೂದೆಗೆ ರಾಜ್ಯಪಾಲರ ಅಂಕಿತ ಬಿತ್ತು, ಇಲ್ಲವೇ ಬೀಳಲಿಲ್ಲ. ಶಾಲೆಯ ವ್ಯಾಕರಣದಲ್ಲಿ ಅದಕ್ಕೆ ಬೇರೆ ಕೆಲಸವಿತ್ತು. ನದಿ ರೂಢನಾಮ, ಕಾವೇರಿ ಅಂಕಿತನಾಮ. ಕೆಲಸ ಹುಡುಕುವ ಮಕ್ಕಳಿಗೆ ‘ಪರ್ಸನಲ್ ಬ್ರ್ಯಾಂಡ್ ಬೆಳೆಸಿಕೊಳ್ಳಿ’ ಎಂದು ಯಾರಾದರೂ ಉಪದೇಶ ಮಾಡುವಾಗ ನನಗೆ ಈ ಪಾಠವೇ ನೆನಪಾಗುತ್ತದೆ. ಇಂಜಿನಿಯರ್ ಎಂಬ ರೂಢನಾಮದವರು ಬೀದಿಗೆ ಹತ್ತು ಜನ. ಅವರಲ್ಲಿ ಒಬ್ಬರು ಅಂಕಿತನಾಮವಾಗಬೇಕು, ಅಷ್ಟೇ ತಾನೆ?

ಮೈಸೂರಿನಲ್ಲಿ ಇದಕ್ಕೆ ಒಂದು ತಮಾಷೆಯ ಉದಾಹರಣೆ ಇದೆ. 1948ರಲ್ಲಿ ಎನ್. ರಂಗರಾವ್ ಊದುಬತ್ತಿ ವ್ಯಾಪಾರ ಶುರು ಮಾಡಿ ಅದಕ್ಕೆ ‘ಸೈಕಲ್’ ಎಂದು ಹೆಸರಿಟ್ಟರು. ಸೈಕಲ್‌ಗೂ ಪರಿಮಳಕ್ಕೂ ಏನು ಸಂಬಂಧ? ಏನೂ ಇಲ್ಲ. ಆದರೆ ಅಕ್ಷರ ಬಾರದವರೂ ಚಿತ್ರ ನೋಡಿ ಕೇಳಿ ಪಡೆಯಬಹುದು. ಯಾವ ಭಾಷೆಯ ಊರಿಗೆ ಹೋದರೂ ಸೈಕಲ್ ಸೈಕಲ್ಲೇ. ಅಚ್ಚ ರೂಢನಾಮವೊಂದು ದೇವರ ಮನೆಯಲ್ಲಿ ಅಂಕಿತನಾಮವಾಯಿತು. ರಾಯರ ಸ್ವಂತ ಹೆಸರು ಕಂಪನಿಯ ಹೆಸರಿನಲ್ಲಿ ಉಳಿಯಿತು. ಅಂಗಡಿಯಲ್ಲಿ ಜನ ಕೇಳುವುದು ಸೈಕಲ್ಲನ್ನೇ.

ಹಾಗೆ ಹೆಸರನ್ನು ಹಿಂದಕ್ಕೆ ಸರಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಬಸವಣ್ಣನವರ ವಚನದ ಕೊನೆಗೆ ಬರುವುದು ಕೂಡಲಸಂಗಮದೇವ, ಅಲ್ಲಮನದಕ್ಕೆ ಗುಹೇಶ್ವರ. ಸೂಳೆ ಸಂಕವ್ವೆ ನಿರ್ಲಜ್ಜೇಶ್ವರ ಎಂಬ ಅಂಕಿತ ಇಟ್ಟುಕೊಂಡಳು. ಆ ಧೈರ್ಯದ ಮುಂದೆ ಇಂದಿನ ಯಾವ ಜಾಹೀರಾತು ಕಂಪನಿಯೂ ಸಪ್ಪೆ. ಅಂಬಿಗರ ಚೌಡಯ್ಯನದು ಬೇರೆ ದಾರಿ, ಕಸುಬಿನ ಸಮೇತ ತನ್ನ ಹೆಸರನ್ನೇ ಹಾಕಿದ. ದಾಸರಲ್ಲಿ ಅಂಕಿತವನ್ನು ಗುರು ಕೊಡಬೇಕು, ತಾನಾಗಿ ಇಟ್ಟುಕೊಳ್ಳುವಂತಿಲ್ಲ. ಅದು ಬರುವುದೂ ಕೊನೆಯ ಚರಣದಲ್ಲಿ. ಈಗ ಮೊದಲು ಅಂಕಿತ, ಕೀರ್ತನೆಯನ್ನು ಆಮೇಲೆ ನೋಡಿಕೊಳ್ಳೋಣ ಎನ್ನುವಂತಾಗಿದೆ.

ಗುರುತಿಗೆ ಕೈಹಾಕಿದರೆ ಆಗಲೂ ಈಗಲೂ ರಂಪವೇ. ಬಸವಣ್ಣನವರ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದ ಮಾತೆ ಮಹಾದೇವಿಯವರ ಪುಸ್ತಕವನ್ನು ಕರ್ನಾಟಕ ಸರ್ಕಾರ 1998ರಲ್ಲಿ ನಿಷೇಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಎಂಟು ಶತಮಾನ ದಾಟಿದ ಅಂಕಿತಕ್ಕೆ ಇವತ್ತಿಗೂ ಕಾವಲಿದೆ.

ಯಾದವಗಿರಿಯ ಆರ್.ಕೆ. ನಾರಾಯಣರಿಗೂ ಹೆಸರು ಕೊಟ್ಟ ಗುರು ಒಬ್ಬರಿದ್ದರು, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್. ನಾರಾಯಣಸ್ವಾಮಿ ಎಂಬುದು ಇಂಗ್ಲಿಷ್ ಓದುಗರ ಬಾಯಿಗೆ ಉದ್ದವಾಯಿತೆಂದು ಬಾಲ ಕತ್ತರಿಸಲು ಹೇಳಿದವರು ಅವರೇ. 1935ರಲ್ಲಿ ಪುಸ್ತಕ ಬಂದಾಗ, ಕತ್ತರಿಸಿದ ಆ ‘ಸ್ವಾಮಿ’ ಮುಖಪುಟದಲ್ಲೇ ಕೂತಿತ್ತು: ‘ಸ್ವಾಮಿ ಅಂಡ್ ಫ್ರೆಂಡ್ಸ್’.

ಇನ್ನು ಮೈಸೂರಿನ ಅರಸ ಜಯಚಾಮರಾಜ ಒಡೆಯರು. ಅವರು ರಚಿಸಿದ 94 ಸಂಗೀತ ಕೃತಿಗಳ ಅಂಕಿತ ‘ಶ್ರೀವಿದ್ಯಾ’, ಅಂದರೆ ಉಪಾಸನೆಯ ಹೆಸರು. ಅರಸರ ಹೆಸರು ಅಲ್ಲಿಲ್ಲ. 1947ರಲ್ಲಿ ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಅಂಕಿತ ಹಾಕಿದ್ದೂ ಇದೇ ಕೈ. ಅಲ್ಲಿ ಸ್ವಂತ ಹೆಸರೇ ಬೇಕಿತ್ತು.

ಪರಿಚಯವಿಲ್ಲದವರ ಎದುರು ನಮಗಿಂತ ಮೊದಲು ಹೋಗಿ ಕೂರುವುದು ಹೆಸರೇ, ಅದನ್ನು ಅಲ್ಲಗಳೆಯಲಾಗದು. ಆದರೆ ಅಂಕಿತ ಹಾಕುವವರು ಎದುರಿಗೆ ಕೂತವರು. ನಜರ್‌ಬಾದಿನಲ್ಲಿ ಮೈಲಾರಿ ಹೆಸರಿನ ಹೋಟೆಲು ಹತ್ತಿರಹತ್ತಿರದಲ್ಲೇ ಎರಡಿವೆ. ಹಳೆಯದು, ನಿಜವಾದದ್ದು ಯಾವುದು ಎಂದು ಕೇಳಿ ನೋಡಿ. ಬೋರ್ಡು ಓದಿ ಉತ್ತರ ಹೇಳುವ ಮೈಸೂರಿನವರು ಕಡಿಮೆ. ಮೆತ್ತನೆ ದೋಸೆ, ಮೇಲೆ ಬೆಣ್ಣೆ, ಜೊತೆಗಿನ ಸಾಗು ಎಲ್ಲದರ ಮೇಲೂ ವಿಚಾರಣೆ ನಡೆಸಿಯೇ ತೀರ್ಪು ಕೊಡುತ್ತಾರೆ. ಅದರಲ್ಲೂ ಗಂಡನ ತೀರ್ಪು ಒಂದಾದರೆ ಹೆಂಡತಿಯದು ಇನ್ನೊಂದು.